ಗ್ರೀಕರ ಗಂಟು ಯಾರ ಮನೆಯಲ್ಲಿತ್ತು?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ‘ಕಳೆದುಹೋಗಿದ್ದ ಗ್ರೀಕ್ ತತ್ವಶಾಸ್ತ್ರವನ್ನು ಅರಬ್ಬರು ಜೋಪಾನವಾಗಿ ಇಟ್ಟುಕೊಂಡು ಯುರೋಪಿಗೆ ವಾಪಸ್ ಕೊಟ್ಟರು’ ಎಂದು ಬರೆದಿದ್ದೀರಿ. ಬಾಗ್ದಾದ್ ಏನು ಗಿರವಿ ಅಂಗಡಿಯೇ, ಇಟ್ಟದ್ದನ್ನು ಇಟ್ಟ ಹಾಗೇ ವಾಪಸ್ ಕೊಡುವುದಕ್ಕೆ? ಅರಬ್ಬರು, ಪಾದ್ರಿಗಳು, ಇಟಲಿಯವರು, ಎಲ್ಲರೂ ತಮಗೆ ಬೇಕಾದ ಹಾಗೆ ತಿರುಚಿಕೊಂಡಿದ್ದಾರೆ. ಹಾಗಾದರೆ ಮೂವತ್ತು ವರ್ಷ ಪ್ಲೇಟೊ, ಅರಿಸ್ಟಾಟಲ್ ಅಂತ ನಾನು ಕ್ಲಾಸಿನಲ್ಲಿ ಪಾಠ ಹೇಳಿದ್ದು ಯಾರದ್ದು? ಇನ್ನೊಂದು ವಿಷಯ. ಅದೇ ಲೇಖನದಲ್ಲಿ ಎರಡು ಕಡೆ ಪ್ಲೊಟಿನಸ್ ಹೆಸರು ಪ್ಲೇಟೊ ಎಂದು ಅಚ್ಚಾಗಿದೆ. ನಿಮ್ಮಲ್ಲಿ ಪ್ರೂಫ್ ನೋಡುವವರು ಇಲ್ಲವೇ?"
— ಹಾಸನದ ಒಬ್ಬ ನಿವೃತ್ತ ಅಧ್ಯಾಪಕರು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೇಷ್ಟ್ರೇ,

ಮೊದಲು ಪ್ರೂಫಿನ ವಿಷಯ ಮುಗಿಸಿಬಿಡೋಣ. ಪ್ರೂಫ್ ನೋಡುವವರು ಇದ್ದಾರೆ. ಆ ಪುಟ ನೋಡಿದ್ದು ನಾನೇ. ಸರಿಯಾಗಿಯೇ ಇದ್ದ ಪ್ಲೊಟಿನಸ್ ಹೆಸರನ್ನು ಟೈಪಿಂಗ್ ತಪ್ಪು ಅಂದುಕೊಂಡು ಪ್ಲೇಟೊ ಎಂದು ‘ತಿದ್ದಿದ್ದೂ’ ನಾನೇ. ಕ್ಷಮಿಸಿ. ಆದರೆ ಒಂದು ಮಾತು ಹೇಳುತ್ತೇನೆ, ಪ್ಲೊಟಿನಸ್‌ಗೆ ಇದು ಹೊಸದಲ್ಲ. ಅವನ ಬರಹದ ಒಂದು ದೊಡ್ಡ ಭಾಗ ಹೆಚ್ಚುಕಡಿಮೆ ಸಾವಿರ ವರ್ಷ ಬೇರೆಯವರ ಹೆಸರಲ್ಲಿ ಓಡಾಡಿದೆ. ಅದೂ ಅವನು ಗುರು ಎಂದು ನಂಬಿದ್ದ ಪ್ಲೇಟೊ ಹೆಸರಲ್ಲಿ ಅಲ್ಲ, ಅರಿಸ್ಟಾಟಲನ ಹೆಸರಲ್ಲಿ. ನಿಮ್ಮ ದೊಡ್ಡ ಪ್ರಶ್ನೆಗೂ ಇದಕ್ಕೂ ನಂಟಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಪ್ಲೊಟಿನಸ್ ರೋಮ್‌ನಲ್ಲಿ ಪಾಠ ಹೇಳುತ್ತಿದ್ದ ಗ್ರೀಕ್ ತತ್ವಜ್ಞಾನಿ, ತೀರಿಕೊಂಡದ್ದು ಕ್ರಿ.ಶ. 270ರಲ್ಲಿ. ಅವನ ಬರಹಗಳನ್ನು ಶಿಷ್ಯ ಪಾರ್ಫಿರಿ ಒಟ್ಟು ಮಾಡಿ, ಒಂಬತ್ತು ಒಂಬತ್ತರ ಆರು ಕಟ್ಟು ಕಟ್ಟಿದ, ಒಟ್ಟು 54. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಅಲ್-ಕಿಂದಿ ಎಂಬ ಪಂಡಿತನ ಸುತ್ತ ಒಂದು ಅನುವಾದಕರ ಗುಂಪಿತ್ತು. ಅದರಲ್ಲಿದ್ದ ಇಬ್ನ್ ನಾಇಮಾ ಎಂಬ ಸಿರಿಯಾದ ಕ್ರೈಸ್ತ ಕೊನೆಯ ಮೂರು ಕಟ್ಟಿನಿಂದ ಆಯ್ದ ಭಾಗಗಳನ್ನು ಅರಬ್ಬಿಗೆ ತಂದ. ಅಲ್-ಕಿಂದಿ ಅದನ್ನು ತಿದ್ದಿ, ಖಲೀಫ ಅಲ್-ಮುಅತಸಿಮನ ಮಗ ಅಹ್ಮದನಿಗೆಂದು ಸಿದ್ಧಪಡಿಸಿದ. ಪುಸ್ತಕಕ್ಕೆ ಬಿದ್ದ ಹೆಸರು ‘ಅರಿಸ್ಟಾಟಲನ ದೇವತಾಶಾಸ್ತ್ರ’! ಅದರಲ್ಲಿ ಒಂದು ಜಾಗ ಬರುತ್ತದೆ. ಎಷ್ಟೋ ಸಲ ನಾನು ನನ್ನ ಆತ್ಮದ ಜೊತೆ ಒಬ್ಬನೇ ಇದ್ದು, ಮೈಯನ್ನು ಕಳಚಿ ಪಕ್ಕಕ್ಕಿಟ್ಟು, ಮೈಯೇ ಇಲ್ಲದವನ ಹಾಗೆ ಆಗಿದ್ದೇನೆ ಅನ್ನುತ್ತಾನೆ ಮಾತಾಡುವವನು. ನಮ್ಮ ಕಿವಿಗೆ ಯಾರೋ ಅನುಭಾವಿಯ ಮಾತು ಕೇಳಿದ ಹಾಗಿದೆ. ಓದಿದವರು ಇದನ್ನು ಹೇಳುತ್ತಿರುವವನು ಅರಿಸ್ಟಾಟಲ್ ಎಂದೇ ನಂಬಿದರು. ಲೆಸ್ಬೋಸ್ ದ್ವೀಪದಲ್ಲಿ ಮೀನು ಕೊಯ್ದು ನೋಡಿ, ಕಡಲ ಮುಳ್ಳುಗೋಳದ ಬಾಯಿ ಹೇಗಿದೆ ಅಂತ ಬರೆದಿಟ್ಟ ಮನುಷ್ಯ ಮೈ ಕಳಚಿಟ್ಟು ಕೂತಿದ್ದನಂತೆ. ನಗು ಬರುತ್ತದೆ, ಅಲ್ವಾ?

ಆದರೆ ನಕ್ಕು ಮುಂದೆ ಹೋಗುವ ಹಾಗಿಲ್ಲ. ಪ್ಲೇಟೊ ಮತ್ತು ಅರಿಸ್ಟಾಟಲ್ ಇಬ್ಬರೂ ಹೇಳಿದ್ದು ಒಂದೇ ಎಂದು ತೋರಿಸಲು ಬರೆದ ಒಂದು ಪುಸ್ತಕ ಹತ್ತನೇ ಶತಮಾನದ ತತ್ವಜ್ಞಾನಿ ಅಲ್-ಫಾರಾಬಿಯ ಹೆಸರಿನಲ್ಲಿದೆ. ಅದು ಸಾಕ್ಷಿಗೆ ಕರೆಯುವುದು ಈ ‘ದೇವತಾಶಾಸ್ತ್ರ’ವನ್ನೇ. ಸಾಕ್ಷಿ ಸುಳ್ಳು, ನಿಜ. ಆದರೆ ಆ ಸುಳ್ಳು ಸಾಕ್ಷಿಯ ಮೇಲೆ ಕಟ್ಟಿದ ಯೋಚನೆ ಇದೆಯಲ್ಲ, ಒಂದೇ ಮೂಲದಿಂದ ಈ ಜಗತ್ತೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಹೊಮ್ಮಿತು ಅನ್ನುವುದು, ಅದು ಆಮೇಲೆ ನೂರಾರು ವರ್ಷ ಜನರ ತಲೆಗೆ ಕೆಲಸ ಕೊಟ್ಟಿತು. ನಾನು ಹಾಕಿದ ತಪ್ಪು ಹೆಸರಿನಿಂದ ಯಾರ ತಲೆಗೂ ಕೆಲಸ ಸಿಗಲಿಲ್ಲ, ನಿಮಗೆ ಅಂಚೆ ಖರ್ಚು ಬಿತ್ತು ಅಷ್ಟೇ.

ಈಗ ಗಿರವಿ ಅಂಗಡಿ. ನೀವು ಹೇಳಿದ್ದು ಸರಿ, ನಮ್ಮ ಆ ವಾಕ್ಯ ತಪ್ಪು. ನೀವು ಹಿಡಿದದ್ದು ಒಂದು ತಪ್ಪು, ಅದರಲ್ಲಿ ಎರಡಿವೆ.

ನೀವು ಹಿಡಿಯದೆ ಬಿಟ್ಟದ್ದು ‘ಕಳೆದುಹೋಗಿದ್ದ’ ಅನ್ನುವ ಪದ. ಕಳೆದುಹೋಗಿದ್ದು ಯಾರಿಗೆ? ಪಶ್ಚಿಮ ಯುರೋಪಿನವರಿಗೆ, ಅವರಿಗೆ ಗ್ರೀಕ್ ಮರೆತುಹೋಗಿತ್ತು. ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಗ್ರೀಕ್ ಮನೆಮಾತು, ಕಚೇರಿಯ ಮಾತು. ಅಲ್ಲಿ ಪ್ಲೇಟೊ ಎಲ್ಲೂ ಹೋಗಿರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಈಗ ಇರುವ ಒಂದು ಪ್ಲೇಟೊ ಹಸ್ತಪ್ರತಿಯ ಕೊನೆಯಲ್ಲಿ ಲೆಕ್ಕ ಬರೆದಿದೆ. 895ರಲ್ಲಿ ಜಾನ್ ಎಂಬ ಲಿಪಿಕಾರ ಅದನ್ನು ಅರೆಥಾಸ್ ಎಂಬ ಪಾದ್ರಿಗೆ ಬರೆದುಕೊಟ್ಟ. ಬರೆದ ಕೂಲಿ 13 ಚಿನ್ನದ ನಾಣ್ಯ, ಚರ್ಮದ ಹಾಳೆಗೆ 8. ಪುಸ್ತಕ ಕೊಂಡವನು ರಸೀದಿಯನ್ನೂ ಒಳಗೇ ಇಟ್ಟುಕೊಂಡ ಹಾಗೆ. ಇವತ್ತು ನಾವು ಓದುವ ಪ್ಲೇಟೊನ ಎಷ್ಟೋ ಸಂವಾದಗಳಿಗೆ ಮುಖ್ಯ ಆಧಾರ ಈ ಪ್ರತಿ. ಇಷ್ಟು ದೊಡ್ಡ ಸಂಗತಿಯನ್ನು ನಮ್ಮ ಲೇಖನ ಪೂರ್ತಿ ಬಿಟ್ಟೇಬಿಟ್ಟಿತ್ತು.

ಎರಡನೆಯದು, ಜೋಪಾನ. ಬಾಗ್ದಾದಿನವರು ಗ್ರೀಕರ ಮೇಲಿನ ಪ್ರೀತಿಗೆ ಯಾವುದನ್ನೂ ಎತ್ತಿಡಲಿಲ್ಲ. ಅವರಿಗೆ ಬೇಕಾಗಿತ್ತು, ತರಿಸಿಕೊಂಡರು. ಸುಮಾರು 782ರಲ್ಲಿ ಖಲೀಫ ಅಲ್-ಮಹ್ದಿ ಪೂರ್ವದ ಕ್ರೈಸ್ತರ ಗುರು ತಿಮೋತಿಗೆ ಅಪ್ಪಣೆ ಕೊಟ್ಟ, ಅರಿಸ್ಟಾಟಲನ ‘ಟಾಪಿಕ್ಸ್’ ಅನುವಾದ ಮಾಡಿಕೊಡಿ ಎಂದು. ಅದೇನು ಧ್ಯಾನದ ಪುಸ್ತಕವೇ? ಅಲ್ಲ, ವಾದ ಹೂಡುವುದು ಹೇಗೆ, ಎದುರಾಳಿಯನ್ನು ಅವನ ಮಾತಿನಲ್ಲೇ ಹಿಡಿಯುವುದು ಹೇಗೆ ಎಂದು ಹೇಳಿಕೊಡುವ ಪುಸ್ತಕ. ಬೇರೆ ಬೇರೆ ಧರ್ಮದವರು ತುಂಬಿದ್ದ ರಾಜ್ಯ, ಆಸ್ಥಾನದಲ್ಲಿ ದಿನಾ ಚರ್ಚೆ. ಸ್ವತಃ ಖಲೀಫನೇ ಈ ತಿಮೋತಿಯನ್ನು ಕೂರಿಸಿಕೊಂಡು ಧರ್ಮದ ಬಗ್ಗೆ ವಾದ ಮಾಡಿದ್ದಾನೆ. ತಿಮೋತಿ ಅನುವಾದಕ್ಕೆ ಕೂತಾಗ ಗೆಳೆಯನೊಬ್ಬನಿಗೆ ಕಾಗದ ಬರೆದು, ಮೋಸುಲ್ ಹತ್ತಿರದ ಮಠದಲ್ಲಿ ಈ ಪುಸ್ತಕಕ್ಕೆ ವ್ಯಾಖ್ಯಾನ ಏನಾದರೂ ಸಿಗುತ್ತದೆಯೇ ನೋಡು ಎಂದು ಕೇಳುತ್ತಾನೆ. ಈ ಕಾಗದ ನನಗೆ ಬಹಳ ಇಷ್ಟ. ಕಷ್ಟದ ಪುಸ್ತಕ ಪಾಠ ಮಾಡಬೇಕಾಗಿ ಬಂದಾಗ ನೀವೂ ಪಕ್ಕದ ಕಾಲೇಜಿನ ಸ್ನೇಹಿತರಿಗೆ ಫೋನ್ ಮಾಡಿ ಗೈಡ್ ಇದೆಯಾ ಅಂತ ಕೇಳಿರುತ್ತೀರಿ.

ಅದಕ್ಕೇ ‘ತಿರುಚಿಕೊಂಡರು’ ಅನ್ನುವ ನಿಮ್ಮ ಮಾತಿನ ಮೇಲೆ ನನಗೆ ತಕರಾರಿದೆ. ತಿರುಚುವವನಿಗೆ ಮೂಲ ಸರಿಯಾಗಿದ್ದರೆಷ್ಟು, ಕೆಟ್ಟಿದ್ದರೆಷ್ಟು? ಹುನೈನ್ ಇಬ್ನ್ ಇಸ್ಹಾಕನನ್ನು ನೋಡಿ. ಒಂಬತ್ತನೇ ಶತಮಾನದವನು, ಬಾಗ್ದಾದಿನ ಅನುವಾದಕರಲ್ಲಿ ದೊಡ್ಡ ಹೆಸರು. ಗ್ಯಾಲೆನ್ ಎಂಬ ಗ್ರೀಕ್ ವೈದ್ಯ (ವೈದ್ಯ ಮಾತ್ರ ಅಲ್ಲ, ತರ್ಕದ ಮೇಲೂ ದಪ್ಪ ಪುಸ್ತಕ ಬರೆದವನು) ಬರೆದದ್ದರಲ್ಲಿ ಏನೇನು ಅನುವಾದವಾಗಿದೆ, ಯಾರು ಮಾಡಿದರು, ಹೇಗಿದೆ ಎಂದು ಹುನೈನ್ ಒಂದು ಪಟ್ಟಿಯನ್ನೇ ಬರೆದಿಟ್ಟಿದ್ದಾನೆ. ಅದರಲ್ಲಿ ತನ್ನ ಕೆಲಸದ ಬಗ್ಗೆಯೇ ಹೇಳಿಕೊಳ್ಳುತ್ತಾನೆ: ಇಪ್ಪತ್ತರ ವಯಸ್ಸಿನಲ್ಲಿ ತಪ್ಪು ತುಂಬಿದ ಒಂದು ಪ್ರತಿಯಿಂದ ಒಂದು ಪುಸ್ತಕ ಅನುವಾದ ಮಾಡಿದ್ದೆ. ನಲವತ್ತರ ಹತ್ತಿರ ಶಿಷ್ಯನೊಬ್ಬ ಅದನ್ನು ತಿದ್ದಿಕೊಡಿ ಎಂದು ಕೇಳಿದ. ಅಷ್ಟರಲ್ಲಿ ನನ್ನ ಹತ್ತಿರ ಅದರ ಹಲವು ಗ್ರೀಕ್ ಪ್ರತಿಗಳು ಸೇರಿದ್ದವು. ಅವನ್ನೆಲ್ಲ ಒಂದಕ್ಕೊಂದು ಹೋಲಿಸಿ ಮೊದಲು ಒಂದು ಸರಿಯಾದ ಪ್ರತಿ ಮಾಡಿಕೊಂಡು, ಆಮೇಲೆ ಹಳೆಯ ಅನುವಾದ ತಿದ್ದಿದೆ. ಗ್ಯಾಲೆನ್ ತರ್ಕದ ಮೇಲೆ ಬರೆದ ಆ ದಪ್ಪ ಪುಸ್ತಕಕ್ಕಾಗಿ ಇವನು ಮೆಸಪೊಟೇಮಿಯ, ಸಿರಿಯ, ಪ್ಯಾಲೆಸ್ತೀನ್, ಈಜಿಪ್ಟ್ ಎಲ್ಲ ಸುತ್ತಿ ಅಲೆಕ್ಸಾಂಡ್ರಿಯಾದವರೆಗೆ ಹೋಗಿ ಬಂದ. ಸಿಕ್ಕಿದ್ದು ಡಮಾಸ್ಕಸ್‌ನಲ್ಲಿ, ಅದೂ ಅರ್ಧ, ಹಿಂದುಮುಂದಾಗಿ. ಇಷ್ಟೆಲ್ಲ ಓಡಾಡಿದವನನ್ನು ತಿರುಚಿದವನು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಇಬ್ನ್ ಸೀನಾ, ಸಾವಿರ ವರ್ಷದ ಹಿಂದಿನ ವೈದ್ಯ, ತತ್ವಜ್ಞಾನಿ. ನಿಮಗೆ ಗೊತ್ತಿರುವ ಕಥೆಯೇ, ಆದರೂ ಹೇಳುತ್ತೇನೆ. ಹುಡುಗನಾಗಿದ್ದಾಗ ಅರಿಸ್ಟಾಟಲನ ‘ಮೆಟಾಫಿಸಿಕ್ಸ್’ ನಲವತ್ತು ಸಲ ಓದಿದನಂತೆ. ಬಾಯಿಪಾಠವಾಯಿತು, ಅರ್ಥವಾಗಲಿಲ್ಲ. ಒಂದು ಸಂಜೆ ಪುಸ್ತಕದಂಗಡಿಗಳ ಬೀದಿಯಲ್ಲಿ ಒಬ್ಬ ದಲ್ಲಾಳಿ ಒಂದು ಪುಸ್ತಕ ಮುಂದೆ ಹಿಡಿದ. ಈ ವಿದ್ಯೆಯಿಂದ ಏನೂ ಪ್ರಯೋಜನವಿಲ್ಲ, ಬೇಡ ಎಂದು ಇವನು ತಳ್ಳಿದ. ತಗೊಳ್ಳಿ, ಮಾರುವವನಿಗೆ ದುಡ್ಡಿನ ಅಡಚಣೆ, ಮೂರು ದಿರ್ಹಮಿಗೆ ಕೊಡುತ್ತೇನೆ ಎಂದ ಅವನು. ಅದು ‘ಮೆಟಾಫಿಸಿಕ್ಸ್’ನ ಉದ್ದೇಶ ಏನು ಎಂದು ಅಲ್-ಫಾರಾಬಿ ಬರೆದ ಚಿಕ್ಕ ಪುಸ್ತಕ. ಮನೆಗೆ ಬಂದು ಓದಿದ, ಬಾಯಿಗೆ ಬರುತ್ತಿದ್ದದ್ದೆಲ್ಲ ಒಟ್ಟಿಗೆ ತಲೆಗೆ ಹತ್ತಿತು. ಮಾರನೇ ದಿನ ಬಡವರಿಗೆ ದಾನ ಮಾಡಿದ.

ಇದನ್ನು ಹೇಳುವವರು ಸಾಮಾನ್ಯವಾಗಿ ದಾನದ ಹತ್ತಿರ ನಿಲ್ಲಿಸುತ್ತಾರೆ. ಆ ಚಿಕ್ಕ ಪುಸ್ತಕದಲ್ಲಿ ಏನಿತ್ತು ಅನ್ನುವುದು ಮುಖ್ಯ. ಈ ಪುಸ್ತಕ ಪೂರ್ತಿ ದೇವರ ಬಗ್ಗೆ ಇದೆ ಅಂದುಕೊಂಡು ಜನ ತೆಗೆಯುತ್ತಾರೆ, ದೇವರು ಬರುವುದು ಒಂದು ಭಾಗದಲ್ಲಿ ಮಾತ್ರ, ಹಾಗಾಗಿ ದಿಕ್ಕು ತಪ್ಪುತ್ತಾರೆ. ಇದು ನಿಜವಾಗಿ ‘ಇರುವುದು’ ಅಂದರೇನು ಎಂದು ಕೇಳುವ ಪುಸ್ತಕ ಎನ್ನುತ್ತಾನೆ ಫಾರಾಬಿ. ‘ಮೆಟಾಫಿಸಿಕ್ಸ್’ ಅನ್ನುವ ಹೆಸರನ್ನು ಅರಿಸ್ಟಾಟಲ್ ಇಟ್ಟದ್ದಲ್ಲ. ‘ಫಿಸಿಕ್ಸ್‌ನ ಆಮೇಲಿನವು’ ಅಂತ ಅದರ ಅರ್ಥ, ಕಪಾಟಿನಲ್ಲಿ ಎಷ್ಟನೆಯದು ಎಂದು ಹೇಳಿದ ಹಾಗೆ. ಇಂಥ ಹೆಸರು ಹೊತ್ತ ಪುಸ್ತಕಕ್ಕೆ ದಾರಿ ತೋರಿಸಲು ಯಾರಾದರೂ ಬೇಕಲ್ಲ? ದಾರಿ ಸಿಕ್ಕ ಮೇಲೆ ಇಬ್ನ್ ಸೀನಾ ಅರಿಸ್ಟಾಟಲನ ಹಿಂದೆಯೇ ನಡೆಯಲಿಲ್ಲ. ಒಂದು ವಸ್ತು ಏನು ಅನ್ನುವುದು ಬೇರೆ, ಅದು ಇದೆ ಅನ್ನುವುದು ಬೇರೆ ಎಂದು ಎರಡನ್ನೂ ಬಿಡಿಸಿ, ತನ್ನದೇ ಒಂದು ಕಟ್ಟಡ ಎಬ್ಬಿಸಿದ. ಅವನ ನಂತರ ಪೂರ್ವದ ಕಡೆಯ ಮದರಸಾಗಳಲ್ಲಿ ವ್ಯಾಖ್ಯಾನ ಬರೆದದ್ದು ಜಾಸ್ತಿ ಇಬ್ನ್ ಸೀನಾನ ಮೇಲೆ, ಅರಿಸ್ಟಾಟಲನ ಮೇಲಲ್ಲ. ಇಷ್ಟಾದ ಮೇಲೆ ‘ವಾಪಸ್ ಕೊಟ್ಟರು’ ಅಂದರೆ ಏನರ್ಥ? ಭತ್ತ ಬಿತ್ತಿ ಬೆಳೆದು ಅನ್ನ ಮಾಡಿ ಬಡಿಸಿದವನಿಗೆ, ಬಿತ್ತನೆ ಬೀಜ ಜೋಪಾನ ಮಾಡಿದ್ದಕ್ಕೆ ಥ್ಯಾಂಕ್ಸ್ ಅಂದ ಹಾಗೆ.

ಅಪಾರ್ಥಗಳೇ ಇಲ್ಲವೇ? ಬೇಕಾದಷ್ಟಿವೆ, ನಿಮ್ಮ ಕಡೆಗೂ ಒಂದು ಸಾಕ್ಷಿ ಕೊಡುತ್ತೇನೆ. ಸ್ಪೇನಿನ ಕೊರ್ಡೊಬಾದ ಇಬ್ನ್ ರುಶ್ದ್ (1126–1198) ಅರಿಸ್ಟಾಟಲನಿಗೆ ಸಾಲು ಸಾಲಾಗಿ ವ್ಯಾಖ್ಯಾನ ಬರೆದವನು, ಗ್ರೀಕ್ ಬರುತ್ತಿರಲಿಲ್ಲ, ಅರಬ್ಬಿ ಅನುವಾದಗಳನ್ನೇ ಇಟ್ಟುಕೊಂಡು ಬರೆದ. ‘ಕಾವ್ಯಮೀಮಾಂಸೆ’ಗೆ ಬಂದಾಗ ಸಿಕ್ಕಿಬಿದ್ದ. ಟ್ರ್ಯಾಜಿಡಿ, ಕಾಮಿಡಿ ಅಂದರೇನು? ಅವನ ಲೋಕದಲ್ಲಿ ಗ್ರೀಕರ ಥರದ ರಂಗಭೂಮಿಯೇ ಇರಲಿಲ್ಲ. ಹಳೆಯ ಅರಬ್ಬಿ ಅನುವಾದದಲ್ಲಿ ಟ್ರ್ಯಾಜಿಡಿಗೆ ಹೊಗಳುವ ಪದ್ಯ, ಕಾಮಿಡಿಗೆ ತೆಗಳುವ ಪದ್ಯ ಎಂದಿತ್ತು. ಇವನು ಅದನ್ನೇ ಹಿಡಿದು, ಅರಬ್ಬಿ ಕವಿಗಳಿಂದ ಉದಾಹರಣೆ ಹೆಕ್ಕಿ ಹೆಕ್ಕಿ ಕೊಟ್ಟ. 1256ರಲ್ಲಿ ಟೊಲೆಡೊದಲ್ಲಿ ಅದು ಲ್ಯಾಟಿನ್‌ಗೆ ಹೋಯಿತು. ತಮಾಷೆ ಅಂದರೆ, 1278ರಲ್ಲಿ ಮೂರ್ಬೆಕೆಯ ವಿಲಿಯಂ ನೇರವಾಗಿ ಗ್ರೀಕ್‌ನಿಂದಲೇ ಮಾಡಿಕೊಟ್ಟ ಅನುವಾದ ಮೂಲೆಗೆ ಬಿತ್ತು. ಯುರೋಪಿನ ಓದುಗರಿಗೆ ಹಿಡಿಸಿದ್ದು ಹೊಗಳುವ ತೆಗಳುವ ಪದ್ಯದ ಅರಿಸ್ಟಾಟಲನೇ. 1929ರಲ್ಲಿ ಬಿ.ಎಂ.ಶ್ರೀ ಸೊಫೊಕ್ಲೀಸನ ಅಜಾಕ್ಸ್‌ನನ್ನು ನಮ್ಮ ಅಶ್ವತ್ಥಾಮನನ್ನಾಗಿ ಮಾಡಿದರಲ್ಲ, ಅದು ಮೂಲ ನಾಟಕ ಬಲ್ಲವರು ಬೇಕೆಂದೇ ಮಾಡಿದ ಮಾರ್ಪಾಟು. ಇಬ್ನ್ ರುಶ್ದ್‌ಗೆ ನಾಟಕ ಅನ್ನುವುದನ್ನು ನೋಡುವ ಭಾಗ್ಯವೇ ಇರಲಿಲ್ಲ, ಕಗ್ಗತ್ತಲಲ್ಲಿ ತಡಕಾಡಿದ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಪಾದ್ರಿಗಳ ವಿಷಯಕ್ಕೆ ಬರೋಣ. 1210ರಲ್ಲಿ ಪ್ಯಾರಿಸ್‌ನಲ್ಲಿ ಅರಿಸ್ಟಾಟಲನ ನಿಸರ್ಗ ಗ್ರಂಥಗಳ ಪಾಠಕ್ಕೆ ಚರ್ಚು ನಿಷೇಧ ಹಾಕಿತು. 1255ಕ್ಕೆ ಅವೇ ಗ್ರಂಥಗಳು ಅಲ್ಲಿನ ವಿಶ್ವವಿದ್ಯಾಲಯದ ಸಿಲಬಸ್ಸಿನಲ್ಲಿ ಕಡ್ಡಾಯ. ಆ ಸಿಲಬಸ್ಸಿನಲ್ಲಿ ‘ಕಾರಣಗಳ ಪುಸ್ತಕ’ ಅಂತ ಒಂದಿತ್ತು, ಅದೂ ಅರಿಸ್ಟಾಟಲನದೇ ಎಂಬ ಲೆಕ್ಕದಲ್ಲಿ. 1268ರಲ್ಲಿ ಅದೇ ಮೂರ್ಬೆಕೆಯ ವಿಲಿಯಂ, ಪ್ರೊಕ್ಲಸ್ ಎಂಬ ಐದನೇ ಶತಮಾನದ ಪ್ಲೇಟೊವಾದಿಯ ಒಂದು ಗ್ರಂಥವನ್ನು ಗ್ರೀಕ್‌ನಿಂದ ಲ್ಯಾಟಿನ್‌ಗೆ ತಂದ. ಥಾಮಸ್ ಅಕ್ವಿನಾಸ್ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ. ಸುಮಾರು 1272ರಲ್ಲಿ ಬರೆದೇಬಿಟ್ಟ: ಇದು ಅರಿಸ್ಟಾಟಲನದಲ್ಲ, ಪ್ರೊಕ್ಲಸ್‌ನ ಪುಸ್ತಕದಿಂದ ಅರಬರಲ್ಲಿ ಯಾರೋ ಆಯ್ದು ಮಾಡಿದ್ದು. ಇವನು ಚರ್ಚಿನ ಮನುಷ್ಯ, ಅರಿಸ್ಟಾಟಲನನ್ನು ತನ್ನ ಧರ್ಮಕ್ಕೆ ಹೊಂದಿಸಲು ಜೀವಮಾನ ತೇಯ್ದವನು. ಆ ಪುಸ್ತಕ ಅರಿಸ್ಟಾಟಲನದೇ ಆಗಿದ್ದರೆ ಅವನಿಗೇ ಅನುಕೂಲ, ಯಾಕೆಂದರೆ ಅದರಲ್ಲಿ ದೇವರು ಧಾರಾಳವಾಗಿದ್ದಾನೆ. ಆದರೂ ಹೇಳಿದ. ನಿಮ್ಮ ‘ತಮಗೆ ಬೇಕಾದ ಹಾಗೆ’ ಅನ್ನುವುದು ಇಲ್ಲಿ ಕೂರುವುದಿಲ್ಲ ಮೇಷ್ಟ್ರೇ.

ಇಟಲಿಯವರ ಮೇಲೆ ನೀವು ಸಿಟ್ಟು ಮಾಡಿಕೊಂಡರೆ ನಾನು ಅಡ್ಡ ಬರುವುದಿಲ್ಲ, ಸ್ವಲ್ಪ ಜೊತೆಗೂ ಬರುತ್ತೇನೆ. ಫ್ಲಾರೆನ್ಸಿನ ಸಾಹುಕಾರ ಕೊಸಿಮೊ ಮೆಡಿಚಿ 1462ರಲ್ಲಿ ಮಾರ್ಸಿಲಿಯೊ ಫಿಚಿನೊ ಎಂಬ ತರುಣನಿಗೆ ಊರಾಚೆ ಒಂದು ಮನೆ ಕೊಟ್ಟು, ಪ್ಲೇಟೊನ ಗ್ರೀಕ್ ಪ್ರತಿ ಕೊಟ್ಟು, ಅನುವಾದ ಮಾಡು ಎಂದು ಕೂರಿಸಿದ. ಅಷ್ಟರಲ್ಲಿ ಹರ್ಮಿಸ್ ಟ್ರಿಸ್‌ಮೆಜಿಸ್ಟಸ್ ಎಂಬ ಪ್ರಾಚೀನ ಈಜಿಪ್ಟಿನ ಋಷಿಯದು ಅನ್ನಲಾದ ಒಂದು ಹಸ್ತಪ್ರತಿಯೂ ಕೊಸಿಮೊನ ಕೈಯಲ್ಲಿತ್ತು. ಮುದುಕನಿಗೆ ಎಪ್ಪತ್ತು ದಾಟಿತ್ತು. ಪ್ಲೇಟೊ ಆಮೇಲೆ ಇರಲಿ, ಮೊದಲು ಇದನ್ನು ಮಾಡು ಎಂದ. ಪ್ಲೇಟೊಗಿಂತ ಹಳೆಯದು ಅಂದಮೇಲೆ ಪ್ಲೇಟೊಗಿಂತ ಮೇಲು ಅನ್ನುವ ನಂಬಿಕೆ. ಫಿಚಿನೊ 1463ರಲ್ಲಿ ಮುಗಿಸಿಕೊಟ್ಟ. ಮರುವರ್ಷ ಕೊಸಿಮೊ ತೀರಿಕೊಂಡ. ಕೊನೆಯ ದಿನಗಳಲ್ಲಿ ಅವನಿಗೆ ಪ್ಲೇಟೊನ ಒಂದೆರಡು ಸಂವಾದಗಳನ್ನೂ ಓದಿ ಹೇಳುವಷ್ಟು ಹೊತ್ತಿಗೆ ಫಿಚಿನೊ ಕೆಲಸ ಮುಂದೆ ತಂದಿದ್ದ ಅನ್ನುವುದು ಸಮಾಧಾನ. ಇತ್ತ ಆ ಋಷಿಯ ಕಥೆ ಏನಾಯಿತು? 1614ರಲ್ಲಿ ಐಸಾಕ್ ಕಸೊಬೊನ್ ಎಂಬ ಪಂಡಿತ ಆ ಗ್ರೀಕ್ ಭಾಷೆಯನ್ನೇ ಹಿಡಿದು ಜಾಲಾಡಿದ. ಮೋಸೆಸ್ ಕಾಲದ ಋಷಿ, ಎಷ್ಟೋ ಶತಮಾನ ಆಮೇಲೆ ಹುಟ್ಟಿದ ಶಿಲ್ಪಿ ಫಿಡಿಯಾಸ್‌ನ ಹೆಸರು ಹೇಳುವುದು ಹೇಗೆ? ಪದಗಳೂ ತಡವಾದ ಕಾಲದವು. ಹಳೆಯದು ಎಂದು ತಲೆ ಮೇಲೆ ಹೊತ್ತದ್ದು ಕ್ರಿಸ್ತಶಕದ್ದು! ಹಳೆಯದಾದಷ್ಟೂ ಶ್ರೇಷ್ಠ ಅನ್ನುವ ಈ ಚಪಲ ಯಾರನ್ನೂ ಬಿಟ್ಟಿಲ್ಲ ಬಿಡಿ, ನಮ್ಮ ಕಚೇರಿಗೆ ವಾರಕ್ಕೊಂದು ಲೇಖನ ಹೀಗೇ ಬರುತ್ತದೆ.

ಆದರೂ ಫಿಚಿನೊನನ್ನು ಸುಮ್ನೆ ತೆಗೆದುಹಾಕಬೇಡಿ. ಮಧ್ಯಯುಗದ ಲ್ಯಾಟಿನ್ ಓದುಗರ ಕೈಯಲ್ಲಿ ‘ಟಿಮೇಯಸ್’ನ ಒಂದು ಭಾಗ, ‘ಮೀನೊ’, ‘ಫೀಡೊ’, ‘ಪಾರ್ಮೆನಿಡೀಸ್’ನ ಒಂದು ತುಂಡು, ಇಷ್ಟೇ ಪ್ಲೇಟೊ ಇದ್ದದ್ದು. 1484ರಲ್ಲಿ ಪೂರ್ತಿ ಪ್ಲೇಟೊ ಲ್ಯಾಟಿನ್‌ನಲ್ಲಿ ಅಚ್ಚಾಗಿ ಬಂದದ್ದು ಇವನಿಂದ. ಪ್ಲೊಟಿನಸ್ ತನ್ನ ಸ್ವಂತ ಹೆಸರಿನಲ್ಲಿ ಪೂರ್ತಿಯಾಗಿ ಲ್ಯಾಟಿನ್ ಓದುಗರಿಗೆ ಸಿಕ್ಕಿದ್ದೂ ಇವನಿಂದಲೇ, 1492ರಲ್ಲಿ. ನಮ್ಮ ಸಿನಿಮಾ ವಿಮರ್ಶಕರು ಎರಡು ವಾಕ್ಯಕ್ಕೊಮ್ಮೆ ಬಳಸುವ ‘ಪ್ಲೇಟಾನಿಕ್ ಪ್ರೇಮ’ ಕೂಡ ಪ್ಲೇಟೊನಿಗಿಂತ ಜಾಸ್ತಿ ಫಿಚಿನೊನ ಸರಕು. ಪ್ಲೇಟೊನ ‘ಸಿಂಪೋಸಿಯಂ’ನಲ್ಲಿ ಗಂಡಸರು ಕುಡಿಯುತ್ತಾ ಕೂತು ಗಂಡಸರ ನಡುವಿನ ಪ್ರೇಮದ ಬಗ್ಗೆ ಸಂಕೋಚವಿಲ್ಲದೆ ಮಾತಾಡುತ್ತಾರೆ. ಫಿಚಿನೊ ಅದನ್ನು ದೇವರ ಕಡೆಗೆ ಏರುವ ನಿರ್ಮಲ ಪ್ರೇಮವಾಗಿ ವ್ಯಾಖ್ಯಾನ ಮಾಡಿದ. ಪ್ಲೇಟೊನಲ್ಲೇ ಆ ಏಣಿ ಇದೆ, ನಿಜ, ಆದರೆ ಏಣಿಯ ಕೆಳಗೆ ಕೂತ ಜನರೂ ಇದ್ದಾರೆ. ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ್ದು ಫಿಚಿನೊ. ತಿರುಚಿದರು ಅನ್ನುವ ಮಾತನ್ನು ಎಲ್ಲಾದರೂ ಒಪ್ಪಬೇಕಾದರೆ ಇಲ್ಲಿ ಒಪ್ಪುತ್ತೇನೆ.

ಕೊನೆಗೆ, ನೀವು ಕ್ಲಾಸಿನಲ್ಲಿ ಹೇಳಿದ್ದು ಯಾರದ್ದು? ಮೂಲ ಅಂತ ನಾವು ಕೈತೋರಿಸುವುದು ಏನನ್ನು ಎಂದು ಮೊದಲು ನೋಡಿ. ಅರಿಸ್ಟಾಟಲ್ ತಾನೇ ಹೊರಗೆ ತಂದ ಸಂವಾದಗಳು ಹೋದವು. ರೋಮ್‌ನ ಮಾತುಗಾರ ಸಿಸೆರೊ ಅವನ ಶೈಲಿಯನ್ನು ಚಿನ್ನದ ಹೊಳೆ ಎಂದು ಹೊಗಳಿದ್ದಾನೆ, ಆ ಹೊಳೆ ನಮಗೆ ಸಿಕ್ಕಿಲ್ಲ. ಉಳಿದದ್ದು ಬಹುಪಾಲು ಪಾಠದ ಟಿಪ್ಪಣಿಗಳು. ಅವು ಉಳಿದ ಬಗೆಯನ್ನು ಸ್ಟ್ರಾಬೊ ಎಂಬ ಪ್ರಾಚೀನ ಗ್ರೀಕ್ ಭೂಗೋಳಕಾರ ಹೇಳುತ್ತಾನೆ, ವಿದ್ವಾಂಸರು ಪೂರ್ತಿ ನಂಬುವುದಿಲ್ಲ, ಆದರೆ ಕಥೆ ಚೆನ್ನಾಗಿದೆ. ಅರಿಸ್ಟಾಟಲನ ಪುಸ್ತಕಗಳು ಸ್ಕೆಪ್ಸಿಸ್ ಎಂಬ ಊರಿನ ಒಂದು ಮನೆತನಕ್ಕೆ ಸೇರಿದವು. ರಾಜರು ತಮ್ಮ ಲೈಬ್ರರಿಗೆ ಎತ್ತಿಕೊಂಡು ಹೋಗುತ್ತಾರೆಂದು ಹೆದರಿ ಅವರು ಗುಂಡಿ ತೋಡಿ ಬಚ್ಚಿಟ್ಟರು. ತೇವ ಹಿಡಿಯಿತು, ಹುಳ ತಿಂದಿತು. ಆಮೇಲೆ ಕೊಂಡ ಅಪೆಲಿಕೊನ್, ಸ್ಟ್ರಾಬೊನ ಮಾತಿನಲ್ಲಿ, ಜ್ಞಾನಪ್ರೇಮಿಗಿಂತ ಪುಸ್ತಕಪ್ರೇಮಿ. ಹುಳ ತಿಂದ ಕಡೆಯಲ್ಲೆಲ್ಲ ತನಗೆ ತೋಚಿದ್ದು ತುಂಬಿ ತಪ್ಪು ಪ್ರತಿಗಳನ್ನು ಹೊರಡಿಸಿದ. ರೋಮ್‌ನ ಪುಸ್ತಕ ವ್ಯಾಪಾರಿಗಳು ಅಗ್ಗದ ಲಿಪಿಕಾರರನ್ನಿಟ್ಟು, ಮೂಲದೊಂದಿಗೆ ತಾಳೆ ನೋಡದೆ ಮಾರಿದರು. ಅಂದರೆ ಪ್ರೂಫ್ ನೋಡುವವರಿಲ್ಲ ಅನ್ನುವ ನಿಮ್ಮ ದೂರು ಎರಡು ಸಾವಿರ ವರ್ಷ ಹಳೆಯದು.

1891ರಲ್ಲಿ ಬ್ರಿಟಿಷ್ ಮ್ಯೂಸಿಯಂ ಈಜಿಪ್ಟಿನ ಪಪೈರಸ್ ಸುರುಳಿಗಳಿಂದ ‘ಅಥೆನ್ಸಿನ ಸಂವಿಧಾನ’ವನ್ನು ಪ್ರಕಟಿಸಿತು. ಅರಿಸ್ಟಾಟಲನದೋ ಅವನ ಶಿಷ್ಯರದೋ ಎಂದು ಇನ್ನೂ ಚರ್ಚೆ ಇದೆ. ನನ್ನ ಕಣ್ಣು ಹೋಗುವುದು ಆ ಸುರುಳಿಯ ಇನ್ನೊಂದು ಬದಿಗೆ. ಅದರಲ್ಲಿ ಕ್ರಿ.ಶ. 78–79ರ ಒಂದು ಜಮೀನಿನ ಲೆಕ್ಕಪತ್ರ ಇದೆ, ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂದು. ಲೆಕ್ಕ ಹಳೆಯದಾದ ಮೇಲೆ ಯಾರೋ ಹಾಳೆ ದಂಡವಾಗಬಾರದು ಎಂದು ಹಿಂದುಗಡೆ ಅಥೆನ್ಸಿನ ಸಂವಿಧಾನ ಬರೆದುಕೊಂಡರು. ಓದಬೇಕು ಅನ್ನಿಸಿತ್ತು, ಸಿಕ್ಕ ಹಾಳೆಯಲ್ಲಿ ಬರೆದುಕೊಂಡರು, ಅದಕ್ಕೇ ಅದು ಉಳಿಯಿತು.

ಹಾಗಾಗಿ ಮೇಷ್ಟ್ರೇ, ನೀವು ಹೇಳಿದ ಪಾಠ ಪ್ಲೇಟೊ, ಅರಿಸ್ಟಾಟಲರದ್ದೇ. ಯಾವ ಸಾಲು ಗಟ್ಟಿ, ಯಾವುದು ಅನುಮಾನ ಎಂದು ಹುನೈನ್‌ನಿಂದ ಕಸೊಬೊನ್‌ವರೆಗೆ, ಆಮೇಲೂ, ಜನ ತಾಳೆ ನೋಡುತ್ತಲೇ ಬಂದಿದ್ದಾರೆ. ಜೊತೆಗೆ ನಿಮಗೇ ಗೊತ್ತಿಲ್ಲದೆ ಫಾರಾಬಿ, ಅಕ್ವಿನಾಸ್, ಫಿಚಿನೊ ಕೂಡ ನಿಮ್ಮ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರ ಹಾಜರಿ ತೆಗೆದುಕೊಂಡಿರಲಿಲ್ಲ ಅಷ್ಟೇ.

ಪತ್ರದ ಕೊನೆಯಲ್ಲಿ, ನಾವು ಮೇಲೆ ಅಚ್ಚು ಹಾಕದ ಸಾಲಿನಲ್ಲಿ, ನಿಮ್ಮ ಹಳೆಯ ಪಾಠದ ಟಿಪ್ಪಣಿಗಳು ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿವೆ ಎಂದು ಬರೆದಿದ್ದೀರಿ. ದಯವಿಟ್ಟು ಇಳಿಸಿ, ‘ಸಿಂಪೋಸಿಯಂ’ ಮೇಲಿನದನ್ನು ನಮಗೆ ಕಳಿಸಿ, ಎರಡು ಕಂತಿನಲ್ಲಿ ಹಾಕೋಣ. ಗೆದ್ದಲು ತಿಂದ ಕಡೆ ನಾನು ಏನೂ ತುಂಬುವುದಿಲ್ಲ, ಫೋನ್ ಮಾಡಿ ಕೇಳುತ್ತೇನೆ. ಪ್ಲೊಟಿನಸ್ ಹೆಸರು ಬರುವಲ್ಲೆಲ್ಲ ಮಾತ್ರ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿರಿ.